ಜಾಗ ಬದಲಿಸಿದ ಮೆಷಿನ್

ಎರಡು ಸಾವಿರದ ದಶಕದ ಕೊನೆಯಲ್ಲಿ ನಾನು ಪೀಣ್ಯದ ಕಾರ್ಖಾನೆಗಳಿಗೆ ಜಪಾನಿ ದುಭಾಷಿಯಾಗಿ ಹೋಗುತ್ತಿದ್ದೆ. ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಬೆಳೆದವಳು; ಸಂಜೆ ಕ್ಲಾಸಿನಲ್ಲಿ ಆ ಭಾಷೆ ಕಲಿತಿದ್ದೆ. ಕೆಲಸವೆಲ್ಲ ಬೋಲ್ಟು, ಬೇರಿಂಗು, ಎಣ್ಣೆ ಸೋರಿಕೆಯ ಮಾತೇ.

ಒಂದು ಸಲ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯಿಂದ ಕರೆ ಬಂತು. ಮಾಲೀಕರು ಜಪಾನಿನಿಂದ ತರಿಸಿದ್ದ ದೊಡ್ಡ ಮೆಷಿನ್ನನ್ನು ಒಂದು ಶೆಡ್ಡಿನಿಂದ ಪಕ್ಕದ ಶೆಡ್ಡಿಗೆ ಸಾಗಿಸಿದ್ದರು. ಅಷ್ಟಕ್ಕೇ ಅದು ಲಾಕ್ ಆಗಿ ಕೂತಿತ್ತು. ತೆರೆಯಲು ಜಪಾನಿನಿಂದ ಇಂಜಿನಿಯರೇ ಬರಬೇಕಾಯಿತು.

ಬಂದವರು ನರೆತ ಕೂದಲಿನ, ಮೆದು ಮಾತಿನ ಮನುಷ್ಯ. ಮೊದಲಿಗೆ ಮೆಷಿನ್ ಮುಟ್ಟಲೇ ಇಲ್ಲ. ಇದರಲ್ಲಿ ಏನೇನು ಮಾಡಿದಿರಿ, ಯಾರಿಗೆ ಕೊಟ್ಟಿರಿ ಎಂದು ವಿಚಾರಿಸತೊಡಗಿದರು. ನಾನು ಕನ್ನಡದಲ್ಲಿ ಹೇಳುತ್ತ ಹೋದಂತೆ ಮಾಲೀಕರ ಮುಖ ಕೆಂಪಾಯಿತು.

“ಏನ್ ಮೇಡಂ ಇದು? ನನ್ ಮೆಷಿನ್ನು, ನನ್ ಶೆಡ್ಡು. ಆಚೆ ಈಚೆ ಇಟ್ರೆ ಇವ್ರಿಗೇನು? ನಾನೇನ್ ಕಳ್ಳನಾ?”

ಇಂಜಿನಿಯರ್ ವಿವರಿಸಿದರು. ಇಷ್ಟು ಕರಾರುವಾಕ್ಕಾಗಿ ಲೋಹ ಕೊರೆಯುವ ಮೆಷಿನ್ ಪಂಪಿನ ಚಕ್ರವನ್ನೂ ಮಾಡುತ್ತದೆ, ಕ್ಷಿಪಣಿಯ ಭಾಗವನ್ನೂ ಮಾಡುತ್ತದೆ. ಕಂಡವರ ಕೈಗೆ ಸಿಗಬಾರದೆಂದೇ, ಜಾಗ ಬದಲಾದರೆ ನಿಂತುಹೋಗುವಂತೆ ಮಾಡಿದ್ದಾರಂತೆ.

ಮಾಲೀಕರು ಜೋರಾಗಿ ನಕ್ಕರು. “ಅಣುಬಾಂಬ್ ಇರೋದು ನಮ್ ದೇಶದಲ್ಲಿ. ಇವ್ರ ಹತ್ರ ಒಂದೂ ಇಲ್ಲ. ಇವ್ರು ನಮ್ಮನ್ನ ಅನುಮಾನಿಸೋದಾ? ಕೇಳಿ ಮೇಡಂ, ಹಂಗೇ ಕೇಳಿ.”

ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಕೇಳಿದೆ. ಇಂಜಿನಿಯರ್ ಕೈಗವಸು ಕಳಚುತ್ತ ಉತ್ತರಿಸಿದರು. ತಪ್ಪು ಕೇಳಿಸಿರಬೇಕೆಂದು, ಇನ್ನೊಮ್ಮೆ ಹೇಳಿ ಎಂದೆ. ಮಗುವಿಗೆ ಪಾಠ ಹೇಳುವಂತೆ ಬಿಡಿಸಿ ಹೇಳಿದರು.

“ಏನಂದ್ರು?” ಎಂದರು ಮಾಲೀಕರು.

ದುಭಾಷಿಯಾದವರು ಮಾತಾಡುವವರ ‘ನಾನು’ ಆಗಬೇಕು. ಹಾಗಾಗಿ ಅದು ನನ್ನ ಬಾಯಿಂದಲೇ ಬಂತು: “ನಮ್ಮಲ್ಲಿ ಬಾಂಬ್ ಇಲ್ಲ. ಆದ್ರೆ ಅಣು ಇಂಧನ ಇದೆ, ರಾಕೆಟ್ ಇದೆ, ಓದಿದ ಜನ ಇದಾರೆ, ಇಂಥ ಮೆಷಿನ್ ಇದೆ. ಮನಸ್ಸೊಂದು ಮಾಡ್ಬೇಕು. ಮಾಡಿದ್ರೆ ಜಾಸ್ತಿ ದಿನ ಬೇಕಾಗಲ್ಲ.”

ಬಾಂಬ್ ಬಿದ್ದು ಎರಡು ಊರು ಸುಟ್ಟುಹೋದ ದೇಶ ಅದು. ಅಲ್ಲಿನವರು ಇಂಥದ್ದನ್ನು ಯೋಚಿಸುವುದೂ ಇಲ್ಲವೆಂದು ನಂಬಿಕೊಂಡಿದ್ದೆ. ದುಭಾಷಿ ತನ್ನದೇ ಪ್ರಶ್ನೆ ಕೇಳುವಂತಿಲ್ಲ. ಆದರೂ ಅವರ ಭಾಷೆಯಲ್ಲಿ ಕೇಳಿಬಿಟ್ಟೆ: “ಮಾಡುತ್ತೀರಾ?”

“ಬೇಡ ಅನ್ನುವುದೇ ನನ್ನ ಆಸೆ,” ಎಂದರು. “ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಯಾರಾದರೂ ಈ ಮಾತೆತ್ತಿದರೆ ಅಮ್ಮ ಊಟ ಬಿಟ್ಟು ಏಳುತ್ತಿದ್ದಳು. ಈಗ ನನ್ನ ಮಗ ಊಟ ಮಾಡುತ್ತಲೇ ಕೇಳುತ್ತಾನೆ, ಪಕ್ಕದ ದೇಶದವರು ಮಾಡಿಕೊಂಡಿದ್ದಾರಲ್ಲ, ನಾವ್ಯಾಕೆ ಸುಮ್ಮನಿರಬೇಕು ಅಂತ.”

ಇದನ್ನೂ ಕನ್ನಡಕ್ಕೆ ತಂದು ಮಾಲೀಕರಿಗೆ ಹೇಳಿದೆ. ಅವರು ಮತ್ತೆ ರೇಗಲಿಲ್ಲ. ಕೇಳಿದ್ದಕ್ಕೆಲ್ಲ ಸಮಾಧಾನವಾಗಿ ಉತ್ತರ ಕೊಟ್ಟರು. ಇಂಜಿನಿಯರ್ ಕೋಡ್ ಒತ್ತಿದರು, ಮೆಷಿನ್ ಶುರುವಾಯಿತು.

ಅವರನ್ನು ಹೋಟೆಲಿಗೆ ಕಳಿಸಿದ ಮೇಲೆ ಮಾಲೀಕರು ಗೇಟಿನ ಬಳಿ ನನ್ನನ್ನು ನಿಲ್ಲಿಸಿದರು. “ಮೇಡಂ, ನೀವು ಸರಿಯಾಗೇ ಹೇಳಿದ್ರಾ? ಏನೂ ಹೆಚ್ಚುಕಮ್ಮಿ ಆಗಿಲ್ಲ ತಾನೆ?”

“ಇಲ್ಲ ಸಾರ್. ಅವ್ರು ಅಂದಿದ್ದೇ ಅದು.”

ಆಟೊ ಸಿಕ್ಕರೂ ಹತ್ತದೆ ನಡೆದೇ ಹೊರಟೆ. ರಸ್ತೆಯ ಎರಡೂ ಬದಿಯ ಶೆಡ್ಡುಗಳಲ್ಲಿ ಲೋಹ ಕೊರೆಯುವ ಸದ್ದು. ಅಷ್ಟು ವರ್ಷ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಅಂದು ಒಂದೊಂದು ಬಾಗಿಲಲ್ಲೂ ನಿಂತು, ಒಳಗೆ ಏನು ಮಾಡುತ್ತಿದ್ದೀರಿ ಎಂದು ಕೇಳಬೇಕೆನಿಸಿತು.