ಕರಡಿಯೂ ನುಸಿಯೂ ಪ್ರೇಮಾವತಿಯ ಜೇನೂ

ಕೊಡ್ಲಿಪೇಟೆ ಕಡೆಯ ಪ್ರೇಮಾವತಿಯನ್ನು ಯಾರೂ ಮಹೇಶನ ಹೆಂಡತಿ ಎನ್ನುವುದಿಲ್ಲ. ಮಹೇಶನನ್ನೇ ಜೇನಮ್ಮನ ಗಂಡ ಎನ್ನುತ್ತಾರೆ. ಆಟೊ ಓಡಿಸುವ ಆತನಿಗೂ, ಪಾಪ, ಅದು ಒಗ್ಗಿಹೋಗಿದೆ. ಕಾಫಿ ತೋಟದ ಕಾಡಂಚಿನಲ್ಲಿ ಅಲ್ಲೊಂದು ಇಲ್ಲೊಂದು ಪೆಟ್ಟಿಗೆ ಇಟ್ಟು, ಇಟಲಿ ತಳಿಯ ಜೇನು ಸಾಕಿ, ಆಕೆ ಕೈಯಾರೆ ಕಟ್ಟಿಕೊಂಡ ಬದುಕು ಅದು.

ಕಳೆದ ವರ್ಷ ಕಾಫಿ ಹೂ ಮುಗಿದ ಮೇಲೆ ಕರಡಿ ಬಂತು. ಎರಡು ಪೆಟ್ಟಿಗೆ ಒಡೆದು, ಜೇನನ್ನು ಮೇಣದ ಎರಿ ಸಮೇತ ತಿಂದು, ಸಾಲದ್ದಕ್ಕೆ ಮುಚ್ಚಳವನ್ನು ಪಕ್ಕದ ತೋಡಿನ ನೀರಿಗೆಸೆದು ಹೋಯಿತು. ಊರಿಗೆ ಊರೇ ನೋಡಲು ಬಂತು. ಅದರ ಹೆಜ್ಜೆಯ ಪಕ್ಕ ತಮ್ಮ ಪಾದವಿಟ್ಟು ಅಳೆದವರೆಷ್ಟು, ಫೋಟೊ ಹೊಡೆದವರೆಷ್ಟು! ಅರಣ್ಯ ಇಲಾಖೆಯ ಗಾರ್ಡ್ ಕೂಡ ಬಂದು, ಕರಡಿ ಬೆದರಿಸಲು ಪಟಾಕಿ ಕೊಟ್ಟು ಹೋದ.

“ಉಳಿದವನ್ನ ಮನೆ ಹತ್ರ ತಂದ್ಬಿಡು ಮಾರಾಯ್ತಿ,” ಎಂದ ಮಹೇಶ್. “ನಿಂಗೇನಾದ್ರೂ ಆದ್ರೆ?”

ಆಕೆಗೂ ಭಯ ಹತ್ತಿತ್ತು. ಅಂಗಳದ ಮೂಲೆಯಲ್ಲಿ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಜೋಡಿಸಿ, ಸುತ್ತ ತಂತಿ ಬಿಗಿದು, ಖಾಲಿ ಡಬ್ಬಗಳನ್ನು ತೂಗುಹಾಕಿದಳು. ಕರಡಿ ಇತ್ತ ತಲೆಹಾಕಲಿಲ್ಲ. ಇನ್ನು ನೆಮ್ಮದಿ ಎಂದುಕೊಂಡಳು.

ಮಳೆಗಾಲ ಕಳೆಯುವಷ್ಟರಲ್ಲಿ ಪೆಟ್ಟಿಗೆಗಳ ಮುಂದೆ ರೆಕ್ಕೆ ಮುದುಡಿದ ಎಳೆಯ ಜೇನುಹುಳಗಳು ತೆವಳತೊಡಗಿದವು. ಒಂದನ್ನು ಅಂಗೈಗೆತ್ತಿಕೊಂಡು ನೋಡಿದರೆ ಬೆನ್ನ ಮೇಲೆ ಕೆಂಪು ಚುಕ್ಕಿ. ಸಾಸಿವೆಗಿಂತ ಸಣ್ಣದು, ಅದಕ್ಕೂ ಕಾಲಿತ್ತು. ನುಸಿ! ಒಂದು ಪೆಟ್ಟಿಗೆಗೆ ಹತ್ತಿದ್ದು, ದಾರಿ ತಪ್ಪಿ ಪಕ್ಕದ ಗೂಡಿಗೆ ನುಗ್ಗುವ ಹುಳಗಳ ಜೊತೆ ಎಲ್ಲದಕ್ಕೂ ಹಬ್ಬಿತ್ತು. ಪೆಟ್ಟಿಗೆಗಳು ದೂರ ದೂರ ಇದ್ದಿದ್ದರೆ ಇಷ್ಟು ಬೇಗ ಹಬ್ಬುತ್ತಿರಲಿಲ್ಲ. ಕರಡಿ ತಿಂದದ್ದು ಎರಡು. ನುಸಿ ಮೂರನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮುಗಿಸಿತು. ಈ ಸಲ ನೋಡಲು ಒಂದು ನರಪಿಳ್ಳೆಯೂ ಬರಲಿಲ್ಲ. ಬಂದರೂ ತೋರಿಸುವುದೇನು?

ಒಂದು ದಿನ ಮನಸಾರೆ ಅತ್ತಳು. ಕರಡಿಯನ್ನು ಹೊರಗಿಡುವ ಗಡಿಬಿಡಿಯಲ್ಲಿ ನುಸಿಗೆ ತಾನೇ ದಾರಿ ಮಾಡಿಕೊಟ್ಟೆನಲ್ಲ ಎಂಬ ಸಂಕಟ. ಮರುದಿನ ಸೆರಗು ಸಿಕ್ಕಿಸಿ ಎದ್ದಳು. ನುಸಿ ಹತ್ತಿದ ಎರಿಗಳನ್ನು ಕಿತ್ತು ಒಲೆಗೆ ಹಾಕಿದಳು. ಉಳಿದ ಹುಳಗಳ ಮೇಲೆ ಸಕ್ಕರೆಪುಡಿ ಜರಡಿ ಹಿಡಿದಳು. ಅವು ಮೈ ಕೊಡವಿಕೊಳ್ಳುವಾಗ ನುಸಿ ಕೆಳಗೆ ಹಾಸಿದ ಬಿಳಿ ಹಾಳೆಗೆ ಉದುರುತ್ತಿತ್ತು. ವಾರಗಟ್ಟಲೆ ಇದೇ ಕೆಲಸ. ಚುಕ್ಕಿಗಳು ಕಡಿಮೆಯಾಗುತ್ತ ಬಂದು, ಒಂದು ಬೆಳಗ್ಗೆ ಹಾಳೆ ಬಿಳಿಯಾಗಿಯೇ ಉಳಿಯಿತು.

ಅಂದು ಸಂಜೆ ಹುಳಗಳೆಲ್ಲ ಒಳಸೇರಿದ ಮೇಲೆ ಪೆಟ್ಟಿಗೆಗಳ ಬಾಯಿ ಮುಚ್ಚಿ, ಆಟೊ ತಿರುಗಿಸಲು ಗಂಡನಿಗೆ ಹೇಳಿದಳು.

“ಎಲ್ಲಿಗೆ?”

“ಕಾಡಂಚಿಗೆ. ಒಂದೊಂದನ್ನ ಒಂದೊಂದು ಕಡೆ ಇಡ್ಬೇಕು. ತಂತಿ ತಗೊಂಡಿದೀನಿ.”

“ತಲೆ ನೆಟ್ಟಗಿದ್ಯಾ? ಕರಡಿ ಅಲ್ಲೇ ಇದೆ!”

“ಇರ್ಲಿ ಬಿಡಿ. ಅದು ಬಂದ್ರೆ ಗೊತ್ತಾದ್ರೂ ಆಗುತ್ತೆ,” ಎನ್ನುತ್ತ ಆಕೆ ಎರಡು ಪೆಟ್ಟಿಗೆಗಳನ್ನು ಸೀಟಿಗೇರಿಸಿ, ಮೂರನೆಯದನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತೇಬಿಟ್ಟಳು.

ಮಹೇಶ್ ಒಳಗೆ ಹೋಗಿ, ಗಾರ್ಡ್ ಕೊಟ್ಟಿದ್ದ ಪಟಾಕಿಯನ್ನು ಜೇಬಿಗೆ ತುರುಕಿಕೊಂಡು ಬಂದು, ಆಟೊ ಸ್ಟಾರ್ಟ್ ಮಾಡಿದ.