ವಜ್ಜಾ ಇದ್ದದ್ದು ಕೊಡ್ರಿ

ನಮ್ಮ ಮನೆಯಲ್ಲಿ ಯಾರೂ ಅಲುಗಾಡಿಸದ ವಸ್ತುಗಳು ಎರಡೇ ಇದ್ದವು. ಒಂದು ದೇವರಕೋಣೆಯ ಜಗಲಿಯ ಮೇಲಿನ ದೇವರು, ಇನ್ನೊಂದು ಪಡಸಾಲೆಯ ಮೂಲೆಯಲ್ಲಿದ್ದ ನನ್ನ ಕಂಪ್ಯೂಟರ್. ದೇವರನ್ನಾದರೂ ಹಬ್ಬ ಬಂದಾಗ ಹುಣಸೆಹಣ್ಣು ಹಚ್ಚಿ ತೊಳೆಯಲು ಕೆಳಗಿಳಿಸುತ್ತಿದ್ದರು. ಕಂಪ್ಯೂಟರಿಗೆ ಆ ಕಾಟವೂ ಇರಲಿಲ್ಲ. ಮಾನಿಟರ್, ಸಿಪಿಯು, ಯುಪಿಎಸ್, ಪ್ರಿಂಟರ್ ಇಷ್ಟರ ನಡುವೆ ಹದಿನಾಲ್ಕು ವೈರುಗಳು ಓಡಾಡಿಕೊಂಡಿದ್ದವು. ಒಂದನ್ನು ಕಿತ್ತರೆ ಅದನ್ನು ಮತ್ತೆ ಎಲ್ಲಿ ಚುಚ್ಚಬೇಕೆಂಬುದು ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ನಾನು ಮನೆಯಲ್ಲೇ ಕೂತು ಟೈಪಿಂಗ್ ಮಾಡುವವಳು. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಪಿಎಚ್‌ಡಿ ಮಾಡುವವರ ಪ್ರಬಂಧ, ಏನು ತಂದುಕೊಟ್ಟರೂ ಟೈಪ್ ಮಾಡುತ್ತೇನೆ. ಬರೆದವರಿಗೇ ಓದಲು ಬಾರದ ಅಕ್ಷರ ನನಗೆ ಓದಲು ಬರುತ್ತದೆ. ಮನೆಯಲ್ಲಿ ನನ್ನ ಗಂಡ, ನನ್ನ ಅತ್ತೆ ಮತ್ತು ನಾನು, ಮೂರೇ ಜನ. ಮೂರು ಜನರ ಅಡಿಗೆ ಏನೂ ದೊಡ್ಡದಲ್ಲ. ದೊಡ್ಡ ಅಡಿಗೆಗಳೆಲ್ಲ ಬೇರೆ ಊರುಗಳಲ್ಲಿದ್ದವು.

ನಮ್ಮ ಬಳಗದಲ್ಲಿ ಏನಾದರೂ ಕಾರ್ಯ ಬಂತೆಂದರೆ ಹೆಂಗಸರಿಗೆ ಎಂಟು ದಿನ ಮೊದಲೇ ಕರೆ ಬರುತ್ತದೆ. ಗಂಡಸರನ್ನು ಊಟಕ್ಕೆ ಕರೆಯುತ್ತಾರೆ, ನಮ್ಮನ್ನು ಅಡಿಗೆಗೆ ಕರೆಯುತ್ತಾರೆ. ಶ್ಯಾವಿಗೆ ಹೊಸೆಯಬೇಕು, ಹಪ್ಪಳ ಲಟ್ಟಿಸಬೇಕು, ಬಾಣಂತಿಗೆ ಅಂಟಿನುಂಡೆ ಕಟ್ಟಬೇಕು, ಬಂದವರಿಗೆಲ್ಲ ರೊಟ್ಟಿ ಬಡಿಯಬೇಕು. ನೌಕರಿ ಇದ್ದ ಸೊಸೆಯನ್ನು ಯಾರೂ ಕಾಡುವುದಿಲ್ಲ, ಆಕೆಗೆ ರಜೆ ಸಿಗುವುದಿಲ್ಲ. ಮನೆಯಲ್ಲಿ ಕೂತವಳಿಗೆ ರಜೆಯೇ ಬೇಕಾಗಿಲ್ಲ. ಮದುವೆಯಾದ ಮೊದಲ ಆರು ವರ್ಷ ನಾನು ಊರೂರು ತಿರುಗಿ ಬಡಿದ ರೊಟ್ಟಿಗಳನ್ನು ಯಾರಾದರೂ ಎಣಿಸಿದ್ದರೆ ನನಗೊಂದು ಶಾಲು ಹೊದಿಸಿ ಸನ್ಮಾನ ಮಾಡಬೇಕಾಗುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ನಿಂತಿತು. ತಿಕೋಟಾದಲ್ಲಿ ನನ್ನ ನಾದಿನಿ ಇದ್ದಾಳೆ, ನನ್ನ ಗಂಡನ ತಂಗಿ. ಬಳಗದ ಕರೆಗಳೆಲ್ಲ ಆಕೆಯ ಫೋನಿನಿಂದಲೇ ಬರುವುದು. ಆಕೆ ಕರೆದಾಗಲೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಬರ್ತಿದ್ದೆ ಬೇ, ಆದ್ರ ಪ್ರಬಂಧ ಕೊಡೂದೈತಿ. ಕಂಪ್ಯೂಟರ್ ಹೊತ್ಕೊಂಡು ಬರಾಕ ಆಗೂದಿಲ್ಲಲ್ಲ." ಈ ಮಾತಿಗೆ ಯಾರೂ ಎದುರು ಹೇಳುತ್ತಿರಲಿಲ್ಲ. ನಮ್ಮಲ್ಲಿ ಸೊಸೆಗೆ ಆಗುವುದಿಲ್ಲ ಎಂದರೆ ಕೇಳುವವರಿಲ್ಲ, ಯಂತ್ರಕ್ಕೆ ಆಗುವುದಿಲ್ಲ ಎಂದರೆ ಎಲ್ಲರೂ ಒಪ್ಪುತ್ತಾರೆ. ಹೀಗೆ ಹನ್ನೊಂದು ವರ್ಷ ನಾನು ಆ ಮೂಲೆಯಲ್ಲಿ ನೆಮ್ಮದಿಯಾಗಿ ಕೂತೆ. ನನಗೆ ಬರಲು ಮನಸ್ಸಿಲ್ಲ ಎಂದು ಒಂದು ಸಲವೂ ಬಾಯಿಬಿಟ್ಟು ಅನ್ನಲಿಲ್ಲ. ಅನ್ನುವ ಧೈರ್ಯ ನನಗಿರಲಿಲ್ಲ ಎಂಬುದೂ ನಿಜ.

ಒಂದು ದಿನ ಬೆಳಿಗ್ಗೆ ಸ್ವಿಚ್ ಒತ್ತಿದರೆ ಒಳಗಿನ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಗಾಂಧಿ ಚೌಕದ ರಿಪೇರಿಯವರನ್ನು ಕರೆಸಿದೆ. ಅವರು ವಯಸ್ಸಾದವರು, ಈ ಯಂತ್ರವನ್ನು ಮೊದಲಿನಿಂದ ಬಲ್ಲವರು. ಡಬ್ಬಿ ಬಿಚ್ಚಿ, ಧೂಳು ಊದಿ, ಎರಡು ಹಲ್ಲಿಯ ತತ್ತಿ ಹೊರಗೆ ತೆಗೆದಿಟ್ಟು, ಒಳಗೆಲ್ಲ ನೋಡಿದರು.

"ಅಕ್ಕಾರ, ಇದರ ಪಾರ್ಟ್ ಈಗ ಬರೂದಿಲ್ರಿ. ಇದರ ಜೋಡಿ ಹುಟ್ಟಿದಾವ ಎಲ್ಲಾ ಹೋಗ್ಯಾವ."

"ಇನ್ನೊಮ್ಮಿ ನೋಡ್ರಿ ಮತ್ತ."

"ನೋಡೇನ್ರಿ ಅಕ್ಕಾರ. ಇನ್ನ ನೋಡಿದ್ರ ಅದಕ್ಕ ನಾಚಿಗಿ ಆಗತೈತಿ."

ಅದರೊಳಗಿದ್ದ ಫೈಲುಗಳನ್ನು ಮಾತ್ರ ಉಳಿಸಿಕೊಟ್ಟರು. ಅವರು ಮೆಟ್ಟಿಲಿಳಿಯುವ ಮೊದಲೇ ನನ್ನ ಗಂಡ ಲ್ಯಾಪ್‌ಟಾಪ್ ಎಂದುಬಿಟ್ಟರು. ಇನ್ನೊಂದು ಡೆಸ್ಕ್‌ಟಾಪೇ ತರೋಣ, ಅದು ತಾಳಿಕೆ ಬರುತ್ತದೆ ಎಂದು ನಾನು ವಾದಿಸಿದೆ.

"ಈಗ ಯಾರ್ ತೊಗೋತಾರ ಆ ಡಬ್ಬಿ?" ಎಂದರು. "ಹನ್ನೊಂದು ವರ್ಷ ಒಂದ ಮೂಲ್ಯಾಗ ಕುಂತಿ. ಲ್ಯಾಪ್‌ಟಾಪ್ ಆದ್ರ ಎಲ್ಲಿ ಬೇಕಾದಲ್ಲಿ ಕುಂತು ಮಾಡಬಹುದು."

ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು. ಕನಿಕರ ಪಡುವವರ ಜೊತೆ ಜಗಳವಾಡುವುದು ಬಹಳ ಕಷ್ಟ. ನನಗೆ ಬೇಕಾದದ್ದು ಆ ಮೂಲೆಯೇ ಎಂದು ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಯಾಕೆ ಎಂದು ಹೇಳಿದ್ದರೆ ಅತ್ತೆಗೆ ಕೇಳಿಸುತ್ತಿತ್ತು. ಸಂಜೆಯ ಹೊತ್ತಿಗೆ ಲ್ಯಾಪ್‌ಟಾಪಿನ ಸುದ್ದಿ ತಿಕೋಟಾ ಮುಟ್ಟಿ, ಅಲ್ಲಿಂದ ನಾದಿನಿಯ ಫೋನು ಬಂತು.

"ವೈನಿ, ಲ್ಯಾಪ್‌ಟಾಪ್ ತೊಗೊಳಾಕತ್ತೀರಂತ! ಹಂಗಾರ ಈ ಸಲ ದ್ರಾಕ್ಷಿ ಸುಗ್ಗಿಗೆ ಬರ್ತೀರಲ್ರಿ?"

ಇನ್ನೂ ಕೊಂಡಿರದ ಲ್ಯಾಪ್‌ಟಾಪಿಗೆ ಆಗಲೇ ಹೋಗುವ ಊರು ಗೊತ್ತಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎನ್ನುವುದು ಇದಕ್ಕೇ ಇರಬೇಕು. ಆ ರಾತ್ರಿ ನಾನೊಂದು ನಿರ್ಧಾರಕ್ಕೆ ಬಂದೆ. ಲ್ಯಾಪ್‌ಟಾಪನ್ನೇ ಕೊಳ್ಳುವುದಾದರೆ ಅವುಗಳಲ್ಲೆಲ್ಲ ಡೆಸ್ಕ್‌ಟಾಪಿಗೆ ಹತ್ತಿರದ ಸಂಬಂಧಿ ಯಾವುದೋ ಅದನ್ನೇ ಕೊಳ್ಳುವುದು.

ಮರುದಿನ ಸೊಲ್ಲಾಪುರ ರಸ್ತೆಯ ಒಂದು ಅಂಗಡಿಗೆ ಗಂಡನೊಂದಿಗೆ ಹೋದೆ. ಅಂಗಡಿಯ ಮಾಲೀಕರು ಕನ್ನಡಕವನ್ನು ಹಣೆಗೇರಿಸಿಕೊಂಡು, ಒಂದು ಬೆಳ್ಳನೆಯ ಲ್ಯಾಪ್‌ಟಾಪನ್ನು ಎರಡೇ ಬೆರಳಲ್ಲಿ ಎತ್ತಿ ತೋರಿಸಿದರು.

"ನೋಡ್ರಿ ಬಾಯಾರ, ಹೂವಿನಂಗ ಐತಿ. ಎತ್ತಿದ್ದ ಗೊತ್ತಾಗೂದಿಲ್ಲ."

"ವಜ್ಜಾ ಇದ್ದದ್ದು, ಭಾರದ್ದು ತೋರಿಸ್ರಿ," ಎಂದೆ.

ಅವರು ನನ್ನ ಗಂಡನ ಮುಖ ನೋಡಿದರು. ನನ್ನ ಗಂಡ ಮೇಲಿನ ಫ್ಯಾನು ನೋಡಿದರು.

"ಬ್ಯಾಟರಿ ಎಷ್ಟ್ ತಾಸು ಬರತೈತ್ರಿ ಇದರದು?"

"ಎಂಟ್ ತಾಸು, ಚಿಂತಿನ ಇಲ್ರಿ."

"ಕಡಿಮಿದು ಇಲ್ಲೇನ್ರಿ?"

"ಕಡಿಮಿ ರೇಟಿಂದೇನ್ರಿ?"

"ಕಡಿಮಿ ತಾಸಿಂದ್ರಿ."

ಮಾಲೀಕರು ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. "ಬಾಯಾರ, ಕೆಟ್ಟದ್ದು ಬೇಕಂತ ಕೇಳಿದ ಗಿರಾಕಿ ನೀವ ಮೊದಲನೇದವರು ನೋಡ್ರಿ."

"ಕೆಟ್ಟದ್ದು ಬ್ಯಾಡ್ರಿ. ಕೆಲಸಕ್ಕ ಭಾಳ ಚಲೋ ಇರಬೇಕು. ಹೊತ್ಕೊಂಡು ತಿರುಗಾಕ ಬರಬಾರದು, ಅಷ್ಟ."

ವ್ಯಾಪಾರಸ್ಥರಿಗೆ ಗಿರಾಕಿಯ ಮನಸ್ಸು ತಿಳಿಯಬೇಕಾಗಿಲ್ಲ, ಅಳತೆ ತಿಳಿದರೆ ಸಾಕು. ಮಾಲೀಕರು ಏಣಿ ಹಾಕಿ ಮೇಲಿನ ಕಪಾಟಿನಿಂದ ಒಂದು ಕಪ್ಪು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿದರು. ಅದು ಗೇಮ್ ಆಡುವ ಹುಡುಗರು ಕೊಳ್ಳುವ ಲ್ಯಾಪ್‌ಟಾಪು. ಅಗಲ ನಮ್ಮ ರೊಟ್ಟಿ ಬಡಿಯುವ ಮರದ ಕೊಣಮಿಗೆಯಷ್ಟು. ಅದರ ಚಾರ್ಜರು ಒಂದು ಇಟ್ಟಂಗಿಯ ಗಾತ್ರವಿತ್ತು. ಕರೆಂಟಿಲ್ಲದೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಕೇಳಿದ್ದಕ್ಕೆ, "ಭಾಳ ಒತ್ತಾಯ ಮಾಡಿದ್ರ ಎರಡ್ ತಾಸು" ಎಂದರು. ಸ್ವಲ್ಪ ಸಂಕೋಚದಿಂದ, ಪುಕ್ಕಟೆ ಕೊಡುವ ಬ್ಯಾಗಿನಲ್ಲಿ ಇದು ಹಿಡಿಸುವುದಿಲ್ಲ ಎಂಬುದನ್ನೂ ಹೇಳಿದರು.

"ಇದನ್ನ ಕೊಡ್ರಿ," ಎಂದೆ.

ಬೆಲೆ ಕೇಳಿ ನನ್ನ ಗಂಡ ಇನ್ನೊಮ್ಮೆ ಫ್ಯಾನು ನೋಡಿದರು. ದುಡ್ಡು ನಾನು ದುಡಿದದ್ದಾಗಿದ್ದರಿಂದ ಅದಕ್ಕಿಂತ ಹೆಚ್ಚೇನೂ ಮಾಡಲಿಲ್ಲ.

ಮನೆಗೆ ತಂದು ಹಚ್ಚಿದಾಗ ಕೀಲಿಗಳ ಕೆಳಗಿನಿಂದ ಕೆಂಪು, ಹಸಿರು, ನೀಲಿ ದೀಪಗಳು ಸಾಲಾಗಿ ಹರಿದಾಡಿದವು. ಅತ್ತೆ ಹತ್ತಿರ ಬಂದು ನೋಡಿ, "ಇದೇನ ಬೇ, ಗಣಪತಿ ಮಂಟಪ ಆಗೇತಲ್ಲ" ಎಂದರು. ಆ ದೀಪ ಆರಿಸುವುದು ಹೇಗೆಂದು ನನಗೆ ಈವರೆಗೂ ಗೊತ್ತಾಗಿಲ್ಲ. ಅದರ ಬೆಳಕಲ್ಲೇ ಎರಡು ಲಗ್ನಪತ್ರಿಕೆ ಟೈಪ್ ಮಾಡಿದೆ. ಮೂಲೆ ಅದೇ, ಮೇಜು ಅದೇ, ಕುರ್ಚಿ ಅದೇ. ಗೆದ್ದೆ ಎಂದುಕೊಂಡೆ.

ನನ್ನ ಗಂಡನಿಗೆ ನನ್ನ ಮೇಲೆ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಮೂರನೆಯ ದಿನ ಅರ್ಧ ದಿನವೆಲ್ಲ ಗಾಂಧಿ ಚೌಕವನ್ನೆಲ್ಲ ಸುತ್ತಿ, ಆ ಲ್ಯಾಪ್‌ಟಾಪು ಅದರ ಇಟ್ಟಂಗಿ ಸಮೇತ ಕೂರುವಂಥ ಬ್ಯಾಗು ಹುಡುಕಿ ತಂದರು. ಬೆನ್ನಿಗೆ ಹಾಕಿಕೊಳ್ಳಲು ಮೆತ್ತನೆಯ ಪಟ್ಟಿಗಳಿದ್ದವು. ಮರುವಾರ ಅದನ್ನು ನನ್ನ ಬೆನ್ನಿಗೆ ಅವರೇ ಏರಿಸಿ, ತಿಕೋಟಾ ಬಸ್ಸು ಹತ್ತಿಸಿದರು.

ನಾದಿನಿಯ ಮನೆಯವರದು ದ್ರಾಕ್ಷಿ ತೋಟ. ಹಣ್ಣು ಕಡಿದು, ಶೆಡ್ಡಿನಲ್ಲಿ ಒಣಗಿಸಿ, ಒಣದ್ರಾಕ್ಷಿ ಮಾಡಿ ಮಾರುತ್ತಾರೆ. ಸುಗ್ಗಿಯಲ್ಲಿ ದಿನಕ್ಕೆ ಮೂವತ್ತು ಆಳುಗಳ ಊಟವಾಗಬೇಕು. "ವೈನಿ, ನಿಮಗ ಪ್ಲಗ್ ಹತ್ರನ ಜಾಗಾ ಮಾಡೇನಿ ನೋಡ್ರಿ" ಎಂದು ನಾದಿನಿ ಪ್ರೀತಿಯಿಂದ ತೋರಿಸಿದಳು. ಆ ಪ್ಲಗ್ ಅಡಿಗೆಮನೆಯ ಮಿಕ್ಸರಿನದು. ಲ್ಯಾಪ್‌ಟಾಪು ಜೋಳದ ಡಬ್ಬಿಯ ಮೇಲೆ ಕೂತಿತು. ಚಟ್ನಿ ರುಬ್ಬುವ ಹೊತ್ತು ಬಂದಾಗ ಅದರ ವೈರು ಕಿತ್ತು ಮಿಕ್ಸರಿನ ವೈರು ಚುಚ್ಚುತ್ತಿದ್ದರು. ಹದಿನಾಲ್ಕು ವೈರುಗಳಿದ್ದಾಗ ಯಾರಿಗೂ ಇಲ್ಲದ ಧೈರ್ಯ ಒಂದು ವೈರು ಉಳಿದಾಗ ಎಲ್ಲರಿಗೂ ಬಂದಿತ್ತು.

ಹನ್ನೆರಡು ದಿನ ಇದ್ದೆ. ಒಂದು ಕೈ ಹಿಟ್ಟಿನಲ್ಲಿ, ಒಂದು ಕೈ ಪ್ರಬಂಧದಲ್ಲಿ. ನಾದಿನಿ ನಾಲ್ಕು ಗಂಟೆಗೆ ಏಳುತ್ತಿದ್ದಳು, ಒಲೆ, ತೋಟ, ಶೆಡ್ಡು, ಮತ್ತೆ ಒಲೆ. ಆಕೆ ಕೂತದ್ದನ್ನು ನಾನು ನೋಡಿದ್ದು ರೊಟ್ಟಿ ಬಡಿಯುವಾಗ ಮಾತ್ರ. "ನೀ ಒಂದೀಟು ಕುಂದರ ಬೇ" ಎಂದರೆ, "ಕುಂತೇನಲ್ರಿ" ಎಂದು ಹಿಟ್ಟು ತಟ್ಟುತ್ತಿದ್ದಳು.

ಊರಿಗೆ ಬಂದ ಮೇಲೆ ಆ ಪ್ರಬಂಧದವರು ಬಂದರು. ಕಾಲೇಜಿನಲ್ಲಿ ಪಾಠ ಹೇಳುವವರು, ಆದಿಲ್‌ಶಾಹಿ ಕಾಲದ ನೀರಿನ ವ್ಯವಸ್ಥೆಯ ಮೇಲೆ ಬರೆಯುತ್ತಿದ್ದವರು, ನನ್ನ ಬಹಳ ಹಳೆಯ ಗಿರಾಕಿ. ಒಂದು ಪುಟವನ್ನು ನನ್ನ ಮುಂದಿಟ್ಟರು. ತಿಕೋಟಾದಿಂದ ಕಳಿಸಿದ್ದ ಆ ಪುಟದಲ್ಲಿ ನಾನು ಹೀಗೆ ಟೈಪ್ ಮಾಡಿದ್ದೆ: "ಆ ಕಾಲದಲ್ಲಿ ನಗರಕ್ಕೆ ನೀರು ತೊರವಿಯ ಕಡೆಯಿಂದ ಸುರಂಗದ ಮೂಲಕ ಹರಿದು ಬರುತ್ತಿತ್ತು, ಇನ್ನ ಹತ್ತ ಮಂದಿ ಉಳದಾರ ರೊಟ್ಟಿ ಸಾಲೂದಿಲ್ಲ." ಅವರ ಮಾರ್ಗದರ್ಶಕರು ಅದರ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ "ಆಧಾರ ಕೊಡಿ" ಎಂದು ಬರೆದಿದ್ದರು.

ನನ್ನಲ್ಲಿ ಆಧಾರವಿತ್ತು, ಕೊಡುವಂತಿರಲಿಲ್ಲ. ಕೈ ಕಿವಿಯ ಮಾತು ಕೇಳಿಬಿಟ್ಟಿತ್ತು. ಅವರು ಸಿಟ್ಟು ಮಾಡಲಿಲ್ಲ, ಉಳಿದ ಅಧ್ಯಾಯಗಳನ್ನು ಬೇರೆ ಕಡೆ ಕೊಡುತ್ತೇನೆ ಎಂದು ಹೇಳಿ ನಮಸ್ಕಾರ ಮಾಡಿ ಹೋದರು. ಆ ನಮಸ್ಕಾರ ನೋಡಿ ನನಗೆ ಅಳು ಬಂತು. ಹನ್ನೊಂದು ವರ್ಷ ಒಂದು ಒತ್ತಕ್ಷರ ತಪ್ಪಿದರೂ ಊಟ ಸೇರದ ಹಾಗೆ ಕೆಲಸ ಮಾಡಿದವಳು ನಾನು. ಬಳಗದಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ನೆನಪಿಲ್ಲ, ಈ ಕೆಲಸದಲ್ಲಿ ಹೊಗಳಿದ್ದರು. ಅದೊಂದು ಹೋದರೆ ನನ್ನ ಹತ್ತಿರ ಉಳಿಯುವುದು ಹಿಟ್ಟಿನ ಕೈ ಮಾತ್ರ ಎಂದು ಅವತ್ತು ಹೆದರಿದೆ.

ತಿಂಗಳು ಕಳೆಯುವಷ್ಟರಲ್ಲಿ ಬಬಲೇಶ್ವರದ ಕರೆ ಬಂತು. ಅಲ್ಲಿ ಅತ್ತೆಯ ತಮ್ಮ ಹೊಸ ಮನೆ ಕಟ್ಟಿಸಿದ್ದರು, ವಾಸ್ತುಶಾಂತಿ, ಐನೂರು ಮಂದಿಗೆ ಹೋಳಿಗೆ ಊಟ. ಮಧ್ಯಾಹ್ನ, ನಾನು ಮೂಲೆಯಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದೆ, ಅತ್ತೆ ಹತ್ತಿರವೇ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಫೋನಿನಲ್ಲಿ ನಾದಿನಿ.

"ವೈನಿ, ಸೋಮವಾರ ಹೋಗೂದ್ರಿ, ಎಂಟ್ ದಿನ ಆಕ್ಕೈತಿ. ನೀವು ಬಸ್ಸಿಗೆ ಬರ್ರಿ, ನಾ ಈ ಕಡಿಂದ ಬರ್ತೇನಿ. ನಿಮ್ಮನ್ನೂ ಸೇರಿಸಿನ ನಾ ಹೂಂ ಅಂದೇನ್ರಿ."

ನನ್ನ ಬಾಯಿಗೆ ಹಳೆಯ ಮಾತೇ ಬಂತು. ಕಂಪ್ಯೂಟರ್ ಹೊತ್ಕೊಂಡು, ಎನ್ನುವವರೆಗೆ ಬಂದು ನಿಂತೆ. ಅದರ ಬ್ಯಾಗು ಎದುರಿನ ಗೂಟಕ್ಕೆ ತೂಗುತ್ತಿತ್ತು.

"ನಾ ಬರೂದಿಲ್ಲ ಬೇ," ಎಂದೆ.

"ಯಾಕ್ರಿ, ಲ್ಯಾಪ್‌ಟಾಪ್ ಕೆಟ್ಟೈತೇನ್ರಿ?"

"ಇಲ್ಲ, ಚಲೋ ಐತಿ."

"ನಿಮಗ ಆರಾಮ ಇಲ್ಲೇನ್ರಿ?"

"ಆರಾಮ ಅದೀನಿ."

"ಅಣ್ಣ ಬ್ಯಾಡ ಅಂದಾನೇನ್ರಿ?"

"ಅವರಿಗೆ ನಾ ಇನ್ನ ಕೇಳೇ ಇಲ್ಲ."

"ಮತ್ತ?"

"ನನಗ ಬರಾಕ ಮನಸಿಲ್ಲ. ನಾ ನನ್ನ ಕೆಲಸ ಮಾಡ್ಕೊಂಡು ಮನ್ಯಾಗ ಇರ್ತೇನಿ."

ಅತ್ತೆ ತಲೆ ಎತ್ತಿ ನೋಡಿದ್ದು ಗೊತ್ತಾಯಿತು. ನಾದಿನಿ ಸಿಟ್ಟಾಗುತ್ತಾಳೆ, ಇನ್ನು ಇದು ಬಳಗಕ್ಕೆಲ್ಲ ಮುಟ್ಟುತ್ತದೆ ಎಂದು ಹೆದರಿ, ಆಗಲಿ ಬರುತ್ತೇನೆ ಎನ್ನಲು ನಾನು ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಫೋನಿನ ಆ ಕಡೆ ಆಕೆ ಎಲ್ಲಿಂದಲೋ ಎದ್ದು ಹೊರಗೆ ಬಂದ ಸಪ್ಪಳವಾಯಿತು. ಬಾಗಿಲು ಮುಂದೆ ಮಾಡಿದ ಸಪ್ಪಳವೂ ಆಯಿತು. ಆಮೇಲೆ ದನಿ ಬಹಳ ತಗ್ಗಿಸಿ ಕೇಳಿದಳು.

"ವೈನಿ, ಹಂಗ ಅನ್ನಾಕ ಬರತೈತೇನ್ರಿ?"

"ಬರತೈತಿ," ಎಂದೆ. ನನಗೂ ಆಗಷ್ಟೇ ಗೊತ್ತಾಗಿತ್ತು.

"ಹೆಂಗ ಅಂದ್ರಿ? ಇನ್ನೊಮ್ಮಿ ಅನ್ರಿ."

ನಾನು ಇನ್ನೊಮ್ಮೆ ಅಂದೆ, ಆಕೆಗೆ ಸರಿಯಾಗಿ ಕೇಳಿಸಲೆಂದು ಸಾವಕಾಶವಾಗಿ.