ಹದಿನಾಲ್ಕೋ ಹದಿನೈದೋ

ಆ ಭಾನುವಾರ ಜಗಳೂರಿನಿಂದ ಹೊನ್ನಾಳಿಗೆ ಹಿಂದಿರುಗುವಾಗ ನನ್ನ ಹೆಂಡತಿ ದಾರಿಯುದ್ದಕ್ಕೂ ಟೈರಿನ ಮಾತನ್ನೇ ಆಡಿದಳು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಸುಮಾರು ದಿನಗಳಿಂದ ನಮ್ಮ ಮನೆಯಲ್ಲಿ ಅದೇ ಮಾತು. ಬಿಳಿಚೋಡಿನಲ್ಲಿ ಕಾರು ನಿಲ್ಲಿಸಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಅವಳು ಎಣ್ಣೆಗೈಯನ್ನು ಪೇಪರಿಗೆ ಒರೆಸಿಕೊಂಡು, ಮುಂದಿನ ಟೈರಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು, ಅದರ ಅಂಚನ್ನು ಬೆರಳಿನಿಂದ ಸವರಿ ನೋಡಿದಳು.

"ರೀ, ಇದು ಮುಗೀತು. ಇನ್ನೊಂದು ಮಳೆಗಾಲ ತಡಿಯಲ್ಲ."

"ಹಂಗಾದ್ರೆ ಹೊಸದು ಹಾಕಿಸೋಣ."

"ಯಾವುದು? ಹದಿನಾಲ್ಕೋ ಹದಿನೈದೋ?"

"ನಂಗೇನು ಗೊತ್ತು? ಓಡ್ಸೋಳು ನೀನು."

"ಓಡ್ಸೋಳು ನಾನು, ಸರಿ. ಪಕ್ಕದಾಗೆ ಕುಂತು ಅಪ್ಪಾ ಅಮ್ಮಾ ಅನ್ನೋರು ಯಾರು? ನಿಮಗೂ ಒಂದು ಮಾತು ಐತೆ."

ಮಂಡಕ್ಕಿ ಅಂಗಡಿಯವನು ನಕ್ಕ. ನಾನೂ ನಕ್ಕೆ. ಅಷ್ಟೇ ಆ ದಿನ.

ಅವಳಿಗೆ ನ್ಯಾಮತಿಯ ಪಶು ಆಸ್ಪತ್ರೆಯಲ್ಲಿ ಕೆಲಸ. ದಿನವೂ ಹೊನ್ನಾಳಿಯಿಂದ ಕಾರಿನಲ್ಲಿ ಹೋಗುವಳು, ಅಲ್ಲಿಂದ ಲಸಿಕೆಯ ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಹಳ್ಳಿಗಳನ್ನು ಸುತ್ತುವಳು. ನಾನು ಹೊನ್ನಾಳಿಯಲ್ಲಿ ಸಣ್ಣದೊಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ನಮಗೆ ಮಕ್ಕಳಿಲ್ಲ. ಭಾನುವಾರ ಬಂತೆಂದರೆ ಅವಳ ತವರಾದ ಜಗಳೂರಿನ ಕಡೆ ಹೊರಡುತ್ತಿದ್ದೆವು. ಊರಿನ ಹೊರಗೆ ಒಂದು ಲೇಔಟು ಇದೆ. ಸೈಟುಗಳು ಮಾರಾಟವಾಗಿಲ್ಲ, ಆದರೆ ಟಾರು ರಸ್ತೆ ಮಾತ್ರ ಚೆನ್ನಾಗಿ ಹಾಕಿದ್ದಾರೆ. ಅದರ ಮಾಲೀಕ ಅವಳ ತಮ್ಮನ ಪರಿಚಯ. ಕಾರಿನ ಹುಚ್ಚಿರುವ ಐದಾರು ಜನ ಅಲ್ಲಿ ಸೇರಿ, ಗೇಟು ಮುಚ್ಚಿ, ಒಬ್ಬೊಬ್ಬರಾಗಿ ಸುತ್ತು ಹೊಡೆಯುತ್ತಿದ್ದರು. ಬಹುಮಾನವಿಲ್ಲ, ಪಂದ್ಯವಿಲ್ಲ. ಅವರಲ್ಲಿ ಹೆಂಗಸು ಇವಳೊಬ್ಬಳೇ. ಮೊದಮೊದಲು ಎಲ್ಲರೂ ಅಕ್ಕಾ ಅಕ್ಕಾ ಎಂದು ದಾರಿ ಬಿಡುತ್ತಿದ್ದರು. ಆಮೇಲೆ ಅವಳು ಸುತ್ತು ಮುಗಿಸುವ ವೇಗ ನೋಡಿ, ಅವಳಿಗಿಂತ ಮೊದಲೇ ತಮ್ಮ ಸರದಿ ಮುಗಿಸಿಕೊಳ್ಳತೊಡಗಿದರು.

ಅಲ್ಲಿ ನನಗೂ ಒಂದು ಕೆಲಸವಿತ್ತು. ಪ್ರತಿ ಟೈರಿನಲ್ಲಿ, ನೆಲಕ್ಕೆ ತಾಗುವ ಭಾಗದ ಅಂಚಿನಿಂದ ಅದರ ಪಕ್ಕೆಯವರೆಗೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು. ಅವಳು ಸುತ್ತು ಹೊಡೆದು ಬಂದ ಮೇಲೆ ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂದು ನೋಡಿ ಹೇಳುವುದು. ಗೆರೆ ಪಕ್ಕೆಯವರೆಗೂ ಅಳಿಸಿದ್ದರೆ ತಿರುವಿನಲ್ಲಿ ಟೈರು ಮಡಚಿಕೊಳ್ಳುತ್ತಿದೆ, ಗಾಳಿ ಸಾಲದು. ಅಂಚಿನ ಹತ್ತಿರವೂ ಅಳಿಸಿಲ್ಲವೆಂದರೆ ಗಾಳಿ ಹೆಚ್ಚಾಗಿದೆ. ನಾನು ಹೇಳುತ್ತಿದ್ದೆ, ಅವಳು ಅಷ್ಟಷ್ಟೇ ಗಾಳಿ ಬಿಡುತ್ತಿದ್ದಳು ಇಲ್ಲವೇ ಪಂಪಿನಿಂದ ತುಂಬುತ್ತಿದ್ದಳು. ನನ್ನ ಜೀವನದಲ್ಲಿ ಅಷ್ಟು ಗಮನವಿಟ್ಟು ನಾನು ಬೇರೇನನ್ನೂ ನೋಡಿಲ್ಲ.

ಹದಿನಾಲ್ಕು ಹದಿನೈದು ಎಂದರೆ ಚಕ್ರದ ಇಂಚು. ಚಕ್ರ ದೊಡ್ಡದಾದರೆ ಅದರ ಸುತ್ತಲಿನ ರಬ್ಬರು ತೆಳ್ಳಗಾಗುತ್ತದೆ, ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳುತ್ತದೆ. ಲೇಔಟಿಗೆ ಹದಿನೈದೇ ಸರಿ. ಆದರೆ ವಾರದ ಉಳಿದ ದಿನ ಓಡುವುದು ಹೊನ್ನಾಳಿ ನ್ಯಾಮತಿ ರಸ್ತೆಯಲ್ಲಿ. ಸುಗ್ಗಿಯಲ್ಲಿ ಅಲ್ಲಿ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರಡಿ, ಅಂಚಿಗೆ ಸಾಲಾಗಿ ಕಲ್ಲು ಇಡುತ್ತಾರೆ. ಎದುರಿಗೆ ಬಸ್ಸು ಬಂದರೆ ಕಲ್ಲಿನ ಮೇಲೆ ಹತ್ತಬೇಕು ಇಲ್ಲ ಕಾಳಿನ ಮೇಲೆ ಹತ್ತಬೇಕು. ತೆಳ್ಳನೆಯ ಟೈರಾದರೆ ಕಲ್ಲಿಗೆ ತಾಗಿ ಪಕ್ಕೆ ಹರಿಯುತ್ತದೆ, ಚಕ್ರವೂ ಸೊಟ್ಟಗಾಗುತ್ತದೆ. ಕಾಳಿನ ಮೇಲಂತೂ ಎಂಥ ಟೈರೂ ಗೋಲಿಯ ಮೇಲೆ ನಿಂತಂತೆ ಜಾರುತ್ತದೆ. ಹದಿನಾಲ್ಕರಲ್ಲೇ ಹಗುರವಾದ ಅಲಾಯ್ ಚಕ್ರ ಹಾಕಿ, ರಸ್ತೆಯನ್ನು ಬಿಗಿಯಾಗಿ ಹಿಡಿಯುವ ಮೆತ್ತನೆಯ ರಬ್ಬರಿನ ಟೈರು ತೊಡಿಸಿದರೆ ಎರಡಕ್ಕೂ ನಡೆಯಬಹುದು ಎಂದು ಒಮ್ಮೆ ಅನ್ನುತ್ತಿದ್ದಳು. ಮೆತ್ತನೆಯದು ಬೇಗ ಸವೆಯುತ್ತದೆ ಎಂದು ಮರುಕ್ಷಣ ತಾನೇ ತಲೆಯಾಡಿಸುತ್ತಿದ್ದಳು. ಎರಡು ಜೊತೆ ಇಟ್ಟುಕೊಳ್ಳೋಣವೆಂದರೆ ನಾಲ್ಕು ಚಕ್ರ ಹಿಂದೆ ಹೇರಿಕೊಂಡು ಜಗಳೂರಿಗೆ ಹೋಗಲು ನಮ್ಮದು ಲಾರಿಯಲ್ಲ.

ಸೋಮವಾರ ಬೆಳಿಗ್ಗೆ ಊಟದ ಡಬ್ಬಿ ಹಿಡಿದುಕೊಂಡು ಹೊರಡುವಾಗ, "ಚನ್ನಗಿರಿಗೆ ಫೋನ್ ಮಾಡಬ್ಯಾಡ್ರಿ. ಸಾಯಂಕಾಲ ಹೇಳ್ತೀನಿ," ಎಂದಳು. ಚನ್ನಗಿರಿಯಲ್ಲಿ ಟೈರಿನ ಅಂಗಡಿ ಇಟ್ಟವನು ನನ್ನ ಜೊತೆ ಶಾಲೆಯಲ್ಲಿ ಓದಿದವನು. ಅವನಿಗೆ ಹೇಳಿದರೆ ಬೇಕಾದದ್ದನ್ನು ತರಿಸಿಕೊಡುತ್ತಿದ್ದ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ತಲೆನೋವೆಂದು ಬೆಂಚಿನ ಮೇಲೆ ಕುಳಿತಳಂತೆ. ನೀರು ತರುವಷ್ಟರಲ್ಲಿ ಒರಗಿದ್ದಳಂತೆ. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಆಗ ಹೇಳಿ ಏನು.

ಕಾರು ನ್ಯಾಮತಿಯಲ್ಲೇ, ಬೇವಿನ ಮರದ ಕೆಳಗೆ ನಿಂತಿತ್ತು. ಮಣ್ಣು ಮಾಡಿದ ಮೇಲೆ ಒಂದು ದಿನ ಬಸ್ಸಿನಲ್ಲಿ ಹೋಗಿ ಅದನ್ನು ತಂದೆ. ಓಡಿಸಲು ಬರುತ್ತದೆ ನನಗೆ, ಅಷ್ಟೇ. ಟೈರಿನಲ್ಲಿ ಅವಳು ಭಾನುವಾರ ಸಂಜೆ ಹದ ನೋಡಿ ತುಂಬಿದ ಗಾಳಿ ಇತ್ತು. ಅದು ನನ್ನ ತಲೆಗೆ ಬಂದದ್ದು ಕಾರ್ಯಗಳೆಲ್ಲ ಮುಗಿದ ಮೇಲೆ, ಅವಳ ತಮ್ಮ ಕಾರನ್ನು ಪೆಟ್ರೋಲ್ ಬಂಕಿಗೆ ತೆಗೆದುಕೊಂಡು ಹೋಗಿ ಬಂದಾಗ.

"ಭಾವ, ಚೆನ್ನಾಗಿ ತೊಳೆಸ್ಕೊಂಡು ಬಂದೀನಿ. ಗಾಳಿ ಬಾಳ ಕಮ್ಮಿ ಇತ್ತು. ಟೈಟಾಗಿ ಹೊಡಸೀನಿ ನಾಕಕ್ಕೂ. ಮೈಲೇಜ್ ಬರ್ತೈತೆ."

ನಮ್ಮ ಕಡೆ ಯಾರದೇ ಗಾಡಿ ಕೈಗೆ ಸಿಕ್ಕರೂ ಗಾಳಿ ಬಿಗಿಯಾಗಿ ಹೊಡೆಸಿಕೊಡುವುದು ಒಂದು ಉಪಕಾರ. ಅವನು ಅಕ್ಕನ ಕಾರಿಗೆ ತನ್ನ ಕೈಲಾದದ್ದು ಮಾಡಿದ್ದ, ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ. ಒಳ್ಳೇದಾಯ್ತು ಎಂದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಟೈರು ಬದಲಿಸದೆ ವಿಧಿಯಿರಲಿಲ್ಲ. ಚನ್ನಗಿರಿಗೆ ಹೋದೆ. ಗೆಳೆಯ ಕಾರನ್ನು ಸುತ್ತಿ ನೋಡಿದ. ಆಮೇಲೆ ಗೋಡೆಗೆ ಒರಗಿಸಿದ್ದ ಒಂದು ಟೈರನ್ನು ಉರುಳಿಸಿಕೊಂಡು ಬಂದ.

"ಇದು ಗಟ್ಟಿ ರಬ್ಬರು. ನೀನು ಮುದುಕ ಆದ್ರೂ ಇದು ಸವಿಯಲ್ಲ."

"ಮೆತ್ತಂದು ಐತಾ?"

"ನಿನಗ್ಯಾಕಲೇ ಮೆತ್ತಂದು? ಅಂಗಡಿಗೆ ಹೋಗ್ತೀಯ, ಕಾಯಿಪಲ್ಲೆ ತರ್ತೀಯ. ನೀನು ಓಡ್ಸೋ ಸ್ಪೀಡಿಗೆ ಎತ್ತಿನಗಾಡಿ ಚಕ್ರ ಹಾಕಿದ್ರೂ ನಡೀತೈತೆ."

"ಹೌದು."

ನಾನು ನಗಲಿಲ್ಲ ಎಂದು ಅವನಿಗೆ ಮುಜುಗರವಾಯಿತು. "ಬೇಜಾರಾಗಬ್ಯಾಡ ಮಾರಾಯ. ಅವರು ಏನು ಹೇಳಿದ್ರು? ಅದನ್ನೇ ತರಿಸ್ತೀನಿ," ಎಂದ.

"ಹೇಳ್ಲಿಲ್ಲ ಕಣೋ. ಸಾಯಂಕಾಲ ಹೇಳ್ತೀನಿ ಅಂದಿದ್ಲು."

ಅವನು ಟೈರಿನ ಮೇಲೆಯೇ ಕುಳಿತುಬಿಟ್ಟ. ಗಟ್ಟಿ ರಬ್ಬರು ಹಾಕಿಸುವುದೇ ಬುದ್ಧಿವಂತಿಕೆ, ಅದು ನನಗೂ ಗೊತ್ತಿತ್ತು. ಆದರೆ ಅದನ್ನು ಹಾಕಿಸಿದ ದಿನದಿಂದ ಅದು ಬರೀ ಜೆರಾಕ್ಸ್ ಅಂಗಡಿಯವನ ಕಾರು. ಭಾನುವಾರಗಳು ಮುಗಿದವು ಎಂದು ನಾನೇ ಬಾಯಾರೆ ಹೇಳಿದಂತೆ. ಮೆತ್ತನೆಯದು ಹಾಕಿಸಿದರೆ ಅದರ ಹಿಡಿತ ಬಳಸುವವರು ಯಾರೂ ಇಲ್ಲ. ಅಂಗಡಿಯ ಮುಂದೆ ನಿಂತು ಅವಳು ಹೇಗೆ ಯೋಚಿಸುತ್ತಿದ್ದಳೋ ಹಾಗೆ ಯೋಚಿಸಲು ನೋಡಿದೆ. ಅವಳ ಮಾತುಗಳೆಲ್ಲ ನೆನಪಿಗೆ ಬಂದವು, ಕೊನೆಯ ತೀರ್ಮಾನ ಮಾತ್ರ ಬರಲಿಲ್ಲ.

"ಹದಿನಾಲ್ಕು. ಅಲಾಯ್. ಮೆತ್ತಂದು," ಎಂದೆ.

ಸಾಮಾನು ಬಂದ ಮೇಲೆ ಅವನೇ ನಿಂತು ಕೂರಿಸಿದ. ಒಂದೊಂದು ಚಕ್ರವನ್ನೂ ಯಂತ್ರದಲ್ಲಿ ತಿರುಗಿಸಿ, ಸಮತೂಕಕ್ಕೆ ಸೀಸದ ತುಂಡು ಅಂಟಿಸಿದ. ಒಂದಿಷ್ಟು ದೂರ ಓಡಿಸಿದ ಮೇಲೆ ನಟ್ಟು ಇನ್ನೊಮ್ಮೆ ಬಿಗಿ ಮಾಡಿಸು ಎಂದು ಎರಡು ಸಲ ಹೇಳಿದ. ಹಿಂದಿರುಗುವಾಗ ಕೆರೆಬಿಳಚಿ ದಾಟಿದ ಮೇಲೆ ಬೇಸಿಗೆ ಬೆಳೆಯ ಮೆಕ್ಕೆಜೋಳ ಹರಡಿದ್ದರು. ಎದುರಿಗೆ ಬಸ್ಸು ಬಂತು. ನಾನು ಹೆದರಿ ನಿಂತೇಬಿಟ್ಟೆ. ಕಾಳು ಕಾಯುತ್ತಿದ್ದ ಹೆಂಗಸು, "ಹೋಗೋ ಅಣ್ಣ, ಏನು ನಮ್ಮ ಜೋಳ ಎಣಿಸ್ತೀಯಾ?" ಎಂದು ಕೂಗಿದಳು.

ಮುಂದಿನ ಭಾನುವಾರ ಜಗಳೂರಿಗೆ ಹೋದೆ. ಯಾಕೆ ಹೋದೆನೋ. ಅವಳ ತಮ್ಮ ಗೇಟು ತೆಗೆದ. ಬೇರೆಯವರು ತಮ್ಮ ಕಾರುಗಳನ್ನು ಬದಿಗೆ ಸರಿಸಿ, ರಸ್ತೆಯನ್ನು ನನಗೊಬ್ಬನಿಗೇ ಬಿಟ್ಟರು. ನಾನು ಒಂದು ಸುತ್ತು ಓಡಿಸಿದೆ. ತಿರುವಿಗೆ ಬಹಳ ಮೊದಲೇ ಬ್ರೇಕು ಹಿಡಿದೆ. ಎರಡನೇ ಸುತ್ತಿನಲ್ಲಿ ಧೈರ್ಯ ಮಾಡಿ ಸ್ವಲ್ಪ ಜೋರಾಗಿ ತಿರುಗಿಸಿದೆ. ಕಾರು ಸುಮ್ಮನೆ ತಿರುಗಿತು. ಅದು ಚೆನ್ನಾಗಿ ತಿರುಗಿತೋ, ಹಳೆಯ ಟೈರಿಗಿಂತ ವಾಸಿಯೋ, ಹದಿನೈದಾಗಿದ್ದರೆ ಹೇಗಿರುತ್ತಿತ್ತೋ, ನನ್ನ ಕೈಗೆ ಏನೂ ತಿಳಿಯಲಿಲ್ಲ.

"ಹೆಂಗೈತೆ ಭಾವ, ಟೈರು?" ಅವಳ ತಮ್ಮ ಕಿಟಕಿಗೆ ಬಗ್ಗಿ ಕೇಳಿದ.

"ಚೆನ್ನಾಗೈತೆ," ಎಂದೆ.

ಈಗಲೂ ದಿನವೂ ಅದೇ ಕಾರಿನಲ್ಲಿ ಅಂಗಡಿಗೆ ಹೋಗುತ್ತೇನೆ. ಟೈರು ಸವೆಯುತ್ತಿದೆ. ಅವಳು ಯಾವುದನ್ನು ಆರಿಸಿದ್ದಳು ಎಂಬುದು ನನಗೆ ಗೊತ್ತಿಲ್ಲ, ಹೇಳಲು ಅವಳಿಲ್ಲ.